ಕೂಸು ಹುಟ್ಟುವ ಮುಂಚೆ ಕುಲಾವಿ: ಫುಟ್‌ಬಾಲ್ ಟ್ರಾನ್ಸ್‌ಫರ್ ಸುದ್ದಿಯಲ್ಲಿ ಯಾರನ್ನು ನಂಬೋದು?

ಬಟವಾಡಿ_ಹತ್ತು (ಚರ್ಚೆ ಶುರು ಮಾಡಿದವರು), ಗುರುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ, ಇಲ್ಲೇ ಕೇಳೋಣ ಅಂತ ಬಂದೆ.

ನನ್ನ ತಮ್ಮ ಸೆಕೆಂಡ್ ಪಿಯುಸಿ. ಫುಟ್‌ಬಾಲ್ ಅಂದರೆ ಊಟ ಬೇಕಾದರೂ ಬಿಡುತ್ತಾನೆ. ಬಸ್ಸಿಗೆ ಕೊಟ್ಟ ದುಡ್ಡು ಉಳಿಸೋಕೆ ಬಟವಾಡಿಯಿಂದ ಕಾಲೇಜಿಗೆ ನಡೆದೇ ಹೋಗಿ, ಆರು ತಿಂಗಳಲ್ಲಿ ಒಂದು ಜೆರ್ಸಿಗೆ ಆಗುವಷ್ಟು ಕೂಡಿಸಿದ್ದ. ಬೆನ್ನ ಮೇಲೆ ತನ್ನ ಇಷ್ಟದ ಆಟಗಾರನ ಹೆಸರು ಹಾಕಿಸಿ ಆರ್ಡರ್ ಕೂಡ ಮಾಡಿದ್ದ. ಮಂಗಳವಾರ ರಾತ್ರಿ ಒಂದು ಇನ್‌ಸ್ಟಾಗ್ರಾಮ್ ಪೇಜ್‌ನಲ್ಲಿ ಸುದ್ದಿ ಬಂತು. ಆ ಆಟಗಾರನ ಕಾಂಟ್ರಾಕ್ಟ್ ಮುಗಿದಿದೆ, ಫ್ರೀ ಏಜೆಂಟ್ ಆಗಿ ಬೇರೆ ಕ್ಲಬ್ ಸೇರಿದ್ದಾನೆ, ಮೆಡಿಕಲ್ ಟೆಸ್ಟ್ ಕೂಡ ಆಯಿತು ಅಂತ. ಜೊತೆಗೆ ಬೇರೆ ಕ್ಲಬ್ ಜೆರ್ಸಿಯಲ್ಲಿ ಅವನ ಫೋಟೋ. ಹುಡುಗ ಊಟ ಮಾಡಲಿಲ್ಲ. ಆರ್ಡರ್ ಕ್ಯಾನ್ಸಲ್ ಮಾಡಿ ದಿಂಬಿಗೆ ಮುಖ ಇಟ್ಟು ಮಲಗಿದ.

ಇವತ್ತು ಸಂಜೆ ಕ್ಲಬ್‌ನವರು ಪ್ರಾಕ್ಟೀಸ್ ವಿಡಿಯೋ ಹಾಕಿದ್ದಾರೆ. ಆಟಗಾರ ಅಲ್ಲೇ ಓಡಾಡುತ್ತಿದ್ದಾನೆ! ಅವನ ಕಾಂಟ್ರಾಕ್ಟ್ ಇನ್ನೂ ಒಂದು ವರ್ಷ ಇದೆ. ಆ ಪೇಜ್‌ನವರು ಪೋಸ್ಟ್ ಅಳಿಸಿದ್ದಾರೆ. ತಪ್ಪಾಯಿತು ಅನ್ನೋ ಒಂದು ಮಾತೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಆಟಗಾರರು ಕ್ಲಬ್ ಬದಲಿಸುವ ಈ ಟ್ರಾನ್ಸ್‌ಫರ್ ಸುದ್ದಿಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ನೀವು ಹೇಗೆ ಗುರುತಿಸುತ್ತೀರಿ?

ಕ್ಯಾತ್ಸಂದ್ರ_ಕಿಟ್ಟಿ, 9:58

ಮೊದಲು ತಮ್ಮನಿಗೆ ಊಟ ಹಾಕು ಗುರು. ಆಮೇಲೆ ಚರ್ಚೆ.

ಮಧುಗಿರಿ_ಮ್ಯಾಡ್ರಿಡ್, 10:03

ಇದರಲ್ಲಿ ಚರ್ಚೆ ಏನಿದೆ? ಇಟಲಿಯ ವರದಿಗಾರ ಫ್ಯಾಬ್ರಿಜಿಯೊ ರೊಮಾನೊ, ಡೀಲ್ ಪಕ್ಕಾ ಅನ್ನೋಕೆ ಬಳಸುವ ‘ಹಿಯರ್ ವಿ ಗೋ’ ಅಂದರೆ ನಂಬು, ಅನ್ನದಿದ್ದರೆ ಬಿಡು. ಇಂಗ್ಲೆಂಡಿನ ಸುದ್ದಿಗೆ ಡೇವಿಡ್ ಆರ್ನ್‌ಸ್ಟೀನ್. ಇವರಿಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಸುಮ್ನೆ ಗಾಳಿಯಲ್ಲಿ ಕಲ್ಲು ಹೊಡೆಯುವವರು.

ವೆಸ್ಟ್‌ಬ್ಲಾಕ್_ಶಿರಾ, 10:10

@ಮಧುಗಿರಿ_ಮ್ಯಾಡ್ರಿಡ್ ಯುರೋಪಿಗೆ ಸರಿ. ಇಲ್ಲಿಯ ಆಟಗಾರರ ಸುದ್ದಿಗೆ ರೊಮಾನೊ ಬರುತ್ತಾನಾ? ನಮ್ಮ ಕಡೆ ಟ್ರಾನ್ಸ್‌ಫರ್ ಸುದ್ದಿ ಬರೆಯುವ ಒಳ್ಳೆ ವರದಿಗಾರರು ಬೆರಳೆಣಿಕೆ. ಮಿಕ್ಕಿದ್ದೆಲ್ಲ ಪೇಜ್‌ಗಳು. ಹೆಸರಿಲ್ಲ, ಊರಿಲ್ಲ, ಫೋನ್ ನಂಬರ್ ಇಲ್ಲ. ತಪ್ಪಾದರೆ ಕೇಳೋಕೆ ಯಾರನ್ನು ಹುಡುಕುವುದು?

2025ರ ಜುಲೈ ನೆನಪು ಮಾಡಿಕೊಳ್ಳಿ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಸುವವರು ಲೀಗನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಇವೆರಡೂ ಕ್ಲಬ್‌ನವರೇ, ಸಂಘಟಕರೇ ಹೇಳಿದ ನಿಜ. ಅದರ ಸುತ್ತ ಬೆಳೆದದ್ದು ನೋಡಬೇಕಿತ್ತು. ಇವನು ಬಿಡುತ್ತಾನಂತೆ, ಅವನು ಗೋವಾಕ್ಕಂತೆ, ಇನ್ನೊಬ್ಬ ವಿದೇಶಕ್ಕಂತೆ. ಬೆಳಿಗ್ಗೆ ಒಂದು ಅಂತೆ, ಸಂಜೆಗೆ ಅದಕ್ಕೊಂದು ಕಂತೆ. ನಿಜವಾದ ಕಷ್ಟದಲ್ಲಿದ್ದವರ ಮನೆ ಮುಂದೆ ಸಂತೆ ಕಟ್ಟಿದ ಹಾಗಿತ್ತು.

ತಿಪಟೂರು_ಕೊಬ್ರಿ, 10:14

ಬೆಂಕಿ ಇಲ್ಲದೆ ಹೊಗೆ ಬರಲ್ಲ ಅಲ್ವಾ? ಏನೋ ಇರುತ್ತದೆ.

ಬಟವಾಡಿ_ಹತ್ತು, 10:16

@ತಿಪಟೂರು_ಕೊಬ್ರಿ ಇಲ್ಲಿ ಏನಿತ್ತು ಅಣ್ಣ? ಒಂದು ವರ್ಷ ಕಾಂಟ್ರಾಕ್ಟ್ ಇರುವವನನ್ನು ಫ್ರೀ ಏಜೆಂಟ್ ಅಂದಿದ್ದಾರೆ. ಫೋಟೋ ಕೂಡ ಕಂಪ್ಯೂಟರಿನಲ್ಲಿ ಮಾಡಿದ್ದು. ಬೆನ್ನ ಮೇಲಿನ ನಂಬರ್ ಸ್ವಲ್ಪ ಸೊಟ್ಟಗಿದೆ, ನಾನು ಇವತ್ತು ದೊಡ್ಡದು ಮಾಡಿ ನೋಡಿದಾಗ ಕಾಣಿಸಿತು.

ಚೇಳೂರು_ಲಾಯರಮ್ಮ, 10:31

ನಾನು ಕಾನೂನು ಓದುತ್ತಿದ್ದೇನೆ, ಫುಟ್‌ಬಾಲ್ ಅಪ್ಪನಿಂದ ಬಂದ ಹುಚ್ಚು. ‘ಫ್ರೀ ಏಜೆಂಟ್’ ಅನ್ನೋ ಪದ ಬಂದಿರೋದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅರ್ಧ ಸುಳ್ಳು ಸುದ್ದಿಗಳು ಇಲ್ಲಿಯೇ ಬಿದ್ದುಹೋಗುತ್ತವೆ.

ಕಾಂಟ್ರಾಕ್ಟ್ ಮುಗಿದ ಆಟಗಾರನನ್ನು ಹೊಸ ಕ್ಲಬ್ ಹಳೇ ಕ್ಲಬ್‌ಗೆ ಟ್ರಾನ್ಸ್‌ಫರ್ ದುಡ್ಡು ಕೊಡದೆ ಕರೆದುಕೊಳ್ಳಬಹುದು. ಯುರೋಪಿನಲ್ಲಿ ಇದು ಬಂದದ್ದು ಬಾಸ್ಮನ್ ಅನ್ನೋ ಬೆಲ್ಜಿಯಂ ಆಟಗಾರನ ಹೋರಾಟದಿಂದ. ಅವನ ಕಾಂಟ್ರಾಕ್ಟ್ ಮುಗಿದಿತ್ತು. ಲಿಯೇಜ್ ಕ್ಲಬ್ ಬಿಟ್ಟು ಫ್ರಾನ್ಸಿನ ಡಂಕರ್ಕ್‌ಗೆ ಹೋಗಬೇಕೆಂದಿದ್ದ, ಹಳೇ ಕ್ಲಬ್ ಬಿಡಲಿಲ್ಲ. ಯುರೋಪಿನ ಕೋರ್ಟ್ 1996ರಲ್ಲಿ ಅವನ ಪರ ತೀರ್ಪು ಕೊಟ್ಟಿತು.

ಇನ್ನೊಂದು ನಿಯಮ. ಕಾಂಟ್ರಾಕ್ಟ್‌ನ ಕೊನೇ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಸೀಸನ್‌ಗೆ ಸಹಿ ಹಾಕಬಹುದು. ಫಿಫಾ ನಿಯಮದಲ್ಲೇ ಇದೆ. ಹಾಗಾಗಿ ಜೂನ್‌ಗೆ ಮುಗಿಯೋ ಕಾಂಟ್ರಾಕ್ಟ್ ಆದರೆ ಜನವರಿಯಿಂದ ಬರುವ ಸುದ್ದಿಗೆ ಸ್ವಲ್ಪವಾದರೂ ಅರ್ಥ ಇರುತ್ತದೆ. ಒಂದು ವರ್ಷ ಬಾಕಿ ಇದ್ದರೆ? ಕ್ಲಬ್ ತಾನಾಗಿ ಬಿಟ್ಟುಕೊಡಬೇಕು, ಇಲ್ಲವೇ ಆಟಗಾರನಿಗೆ ಕಾಂಟ್ರಾಕ್ಟ್ ಮುರಿಯಲು ಗಟ್ಟಿ ಕಾರಣ ಇರಬೇಕು. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, 15 ದಿನದ ನೋಟಿಸ್ ಕೊಟ್ಟು ಹೊರಬರಲು ದಾರಿ ಇದೆ. ಅದಿಲ್ಲದೆ ‘ಫ್ರೀ’ ಅಂತ ಬರೆದರೆ ಆ ಸುದ್ದಿಗೆ ಬುಡವೇ ಇಲ್ಲ.

ತಮ್ಮನಿಗೆ ಹೇಳಿ, ಮೊದಲು ನೋಡಬೇಕಾದ್ದು ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತದೆ ಅನ್ನೋದನ್ನ. ಆಟಗಾರ ಸಹಿ ಹಾಕಿದ ದಿನ ಎಷ್ಟು ವರ್ಷಕ್ಕೆ ಅಂತ ಬಹಳ ಕ್ಲಬ್‌ಗಳು ತಾವೇ ಹೇಳಿರುತ್ತವೆ.

ಗುಬ್ಬಿ_ಮೇಷ್ಟ್ರು, 10:40

ಚೆನ್ನಾಗಿ ಹೇಳಿದೆಯಮ್ಮ. ಒಂದು ತಿದ್ದುಪಡಿ. ಬಾಸ್ಮನ್ ತೀರ್ಪು 1995ರ ಡಿಸೆಂಬರ್ 15. ನಾನು ಆ ವರ್ಷ ಪಿಇ ಟೀಚರ್ ಆಗಿ ಸೇರಿದ್ದೆ, ಅದಕ್ಕೆ ನೆನಪು.

ಚೇಳೂರು_ಲಾಯರಮ್ಮ, 10:42

ಹೌದು ಮೇಷ್ಟ್ರೇ, 1995. ಥ್ಯಾಂಕ್ಸ್.

ಕ್ಯಾತ್ಸಂದ್ರ_ಕಿಟ್ಟಿ, 10:47

ಫ್ರೀ ಅಂದ ತಕ್ಷಣ ಬಿಟ್ಟಿ ಅಂತ ಬರೆಯುವವರೂ ಇದ್ದಾರೆ. ಬಿಟ್ಟಿ ಏನಲ್ಲ. ಹಳೇ ಕ್ಲಬ್‌ಗೆ ಕೊಡೋ ದುಡ್ಡು ಉಳಿಯುತ್ತದೆ ಅಷ್ಟೇ. ಆಟಗಾರನಿಗೆ ಸಹಿ ದುಡ್ಡು, ಏಜೆಂಟ್‌ಗೆ ಕಮಿಷನ್, ದೊಡ್ಡ ಸಂಬಳ ಎಲ್ಲ ಇರುತ್ತದೆ. ದುಡ್ಡು ಇರೋ ಕಡೆ ಸುದ್ದಿ ಹರಡೋರು ಇದ್ದೇ ಇರುತ್ತಾರೆ.

ತಿಪಟೂರು_ಕೊಬ್ರಿ, 10:55

ಈಗ ಅರ್ಥ ಆಯಿತು ನೋಡಿ. ನಮ್ಮ ಎಪಿಎಂಸಿಯಲ್ಲಿ ನಡೆಯೋದೂ ಇದೇ. ಹರಾಜಿನ ಹಿಂದಿನ ದಿನ ಯಾರೋ ಟೀ ಅಂಗಡಿಯಲ್ಲಿ ‘ನಾಳೆ ಕೊಬ್ಬರಿ ರೇಟ್ ಬೀಳುತ್ತಂತೆ’ ಅಂತ ಒಂದು ಮಾತು ಬಿಡುತ್ತಾನೆ. ರೈತ ಹೆದರಿ ಅವತ್ತೇ ಮನೆ ಬಾಗಿಲಲ್ಲಿ ಕೊಟ್ಟುಬಿಡುತ್ತಾನೆ. ಮಾತು ಬಿಟ್ಟವನು ಯಾರು ಅಂತ ನೋಡಿದರೆ ಕೊಳ್ಳೋನ ಕಡೆಯವನು. ನಮ್ಮಪ್ಪ ಒಂದು ಸಲ ಹೀಗೆ ಮೋಸ ಹೋದ ಮೇಲೆ, ಯಾರು ರೇಟ್ ಹೇಳಿದರೂ ‘ನಿಂಗೇನಪ್ಪ ಲಾಭ?’ ಅಂತ ಕೇಳೋರು.

ಆಟಗಾರನ ಏಜೆಂಟ್ ಕೂಡ ಹಾಗೇ ಅಲ್ವಾ? ‘ಮೂರು ಕ್ಲಬ್ ಕೇಳ್ತಿವೆ’ ಅಂತ ಸುದ್ದಿ ಬಿಟ್ಟರೆ ಈಗಿರೋ ಕ್ಲಬ್ ಸಂಬಳ ಜಾಸ್ತಿ ಮಾಡುತ್ತದೆ. ಹೊಗೆ ಇರೋದು ನಿಜ, ಆದರೆ ಬೆಂಕಿ ಹಚ್ಚಿದವನು ಬೇರೆ. ನನ್ನ ಮೊದಲಿನ ಮಾತು ವಾಪಸ್.

ಮಧುಗಿರಿ_ಮ್ಯಾಡ್ರಿಡ್, 11:02

ಕೊಬ್ಬರಿಗೂ ಫ್ರಾನ್ಸಿನ ಆಟಗಾರ ಎಂಬಾಪೆಗೂ ಗಂಟು ಹಾಕಿದ್ದು ಸರಿ ಇದೆ ಅಣ್ಣ. 2022ರ ಮೇನಲ್ಲಿ ಅರ್ಧ ಪ್ರಪಂಚ ಅವನು ನಮ್ಮ ರಿಯಲ್ ಮ್ಯಾಡ್ರಿಡ್‌ಗೆ ಬಂದೇ ಬಿಟ್ಟ ಅಂತ ಬರೆಯಿತು. ನಾನೂ ಇಲ್ಲಿ ಸಿಹಿ ಹಂಚಿದ್ದೆ. ಮೇ 21ಕ್ಕೆ ತಾನಿದ್ದ ಪ್ಯಾರಿಸ್ ಕ್ಲಬ್ ಪಿಎಸ್‌ಜಿ ಜೊತೆಗೇ ಹೊಸ ಕಾಂಟ್ರಾಕ್ಟ್ ಮಾಡಿಕೊಂಡ. ಬಂದದ್ದು ಎರಡು ವರ್ಷ ಆದ ಮೇಲೆ, 2024ರ ಜೂನ್ 3ಕ್ಕೆ ಮ್ಯಾಡ್ರಿಡ್ ಪ್ರಕಟಿಸಿತು. ಆಗ ನಿಜವಾಗಿ ಫ್ರೀ ಏಜೆಂಟ್ ಆಗೇ ಬಂದ.

ಆದರೆ ಒಂದು ಕೇಳುತ್ತೇನೆ. 2022ರಲ್ಲಿ ಬರೆದವರೆಲ್ಲ ಸುಳ್ಳುಗಾರರಾ? ಮಾತುಕತೆ ನಡೆದದ್ದು ನಿಜ. ಕೊನೇ ಗಳಿಗೆಯಲ್ಲಿ ಹುಡುಗ ಮನಸ್ಸು ಬದಲಾಯಿಸಿದರೆ ವರದಿಗಾರ ಏನು ಮಾಡಬೇಕು?

ಹಳೇ_ಡೆಸ್ಕ್, 11:25

ಈ ಪ್ರಶ್ನೆಗೆ ನಾನು ಉತ್ತರ ಹೇಳಲೇಬೇಕು. 28 ವರ್ಷ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತಿದ್ದವನು, ಅದರಲ್ಲಿ 11 ವರ್ಷ ಕ್ರೀಡಾ ಪುಟ. ಈಗ ನಿವೃತ್ತಿಯಾಗಿ ಎಸ್‌.ಎಸ್‌.ಪುರಂನಲ್ಲಿ ಇದ್ದೇನೆ.

ಸುದ್ದಿ ಓದುವಾಗ ಎಲ್ಲರೂ ಆಟಗಾರನ ಹೆಸರು ನೋಡುತ್ತಾರೆ, ಕ್ಲಬ್ ಹೆಸರು ನೋಡುತ್ತಾರೆ. ನೀವು ಕ್ರಿಯಾಪದ ನೋಡಿ. ಕನ್ನಡದಲ್ಲಿ ಅದು ವಾಕ್ಯದ ಕೊನೆಯಲ್ಲಿ ಇರುತ್ತದೆ, ಅದಕ್ಕೇ ಕಣ್ಣು ಅಲ್ಲಿಗೆ ಹೋಗುವ ಮುಂಚೆ ಮನಸ್ಸು ನಂಬಿಬಿಟ್ಟಿರುತ್ತದೆ. ‘ಸೇರಿದರು’ ಅಂದರೆ ಒಂದು. ‘ಸೇರಲಿದ್ದಾರೆ’ ಬೇರೆ. ‘ಸೇರುವ ಸಾಧ್ಯತೆ ಇದೆ’ ಅಂದರೆ ಸೇರದಿರುವ ಸಾಧ್ಯತೆಯೂ ಅಷ್ಟೇ ಇದೆ. ‘ಸೇರಲಿದ್ದಾರೆ ಎನ್ನಲಾಗಿದೆ’ ಅಂತ ಬಂದರೆ, ಅನ್ನುತ್ತಿರುವವರು ಯಾರು ಅಂತ ಕೇಳಿ. ಆ ‘ಎನ್ನಲಾಗಿದೆ’ಯನ್ನು ನಾನೇ ನೂರಾರು ಸಲ ಸೇರಿಸಿದ್ದೇನೆ. ರಾತ್ರಿ ಪುಟ ಕಳಿಸುವ ಹೊತ್ತು, ಇನ್ನೊಂದು ಪತ್ರಿಕೆಯಲ್ಲಿ ಬರುತ್ತದೆ ಅನ್ನೋ ಹೆದರಿಕೆ, ಫೋನ್ ಎತ್ತದ ಕ್ಲಬ್ ಅಧಿಕಾರಿ. ಆಗ ಆ ಒಂದು ಪದ ಹಾಕಿದರೆ ನಮ್ಮ ಮೇಲೆ ತಪ್ಪು ಬರುವುದಿಲ್ಲ ಅಂದುಕೊಳ್ಳುತ್ತಿದ್ದೆವು. ಓದುವವರಿಗೆ ಆಗುವ ನೋವು ಆ ಪದದಿಂದ ಕಡಿಮೆಯಾಗುವುದಿಲ್ಲ ಅಂತ ತಡವಾಗಿ ಗೊತ್ತಾಯಿತು.

ಮಧುಗಿರಿಯವರ ಪ್ರಶ್ನೆಗೆ ಬರುತ್ತೇನೆ. ಮಾತುಕತೆ ನಡೆಯುತ್ತಿದ್ದರೆ ‘ಮಾತುಕತೆ ನಡೆಯುತ್ತಿದೆ’ ಅಂತಲೇ ಬರೆಯಬೇಕು. ಆಟಗಾರ ಮನಸ್ಸು ಬದಲಾಯಿಸಿದರೂ ಆ ವರದಿ ಸುಳ್ಳಾಗುವುದಿಲ್ಲ. ‘ಬಂದೇ ಬಿಟ್ಟ’ ಅಂತ ಬರೆದವನು ತಪ್ಪು ಮಾಡಿದ. ಅವನಿಗೆ ಗೊತ್ತಿದ್ದದ್ದು ಎಷ್ಟು, ಬರೆದದ್ದು ಎಷ್ಟು, ಅದರ ನಡುವಿನ ಅಂತರವೇ ತಪ್ಪು.

ಇನ್ನು ಶೀರ್ಷಿಕೆಯ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಒಳಗೆ ಉತ್ತರ ಇರುವುದಿಲ್ಲ. ಇದು ನನ್ನ ಅನುಭವ.

ಬಟವಾಡಿ_ಹತ್ತು, 11:31

ಸರ್, ಇದನ್ನ ತಮ್ಮನಿಗೆ ಓದಿ ಹೇಳಿದೆ. ಎದ್ದು ಕೂತು ‘ಇನ್ನೊಂದು ಸಲ ಓದು’ ಅಂದ. ಮೊಸರನ್ನ ತಿಂದ.

ಡಲ್ಲಾಸ್_ಕುಣಿಗಲ್, 11:44

ಇಲ್ಲಿ ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಬೇರೆ ಆಟ, ಆದರೆ ಕಾಯಿಲೆ ಅದೇ. ಇಲ್ಲಿಯ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪ್ರತಿ ಮಾರ್ಚ್‌ಗೆ ಫ್ರೀ ಏಜೆನ್ಸಿ ಶುರು. ಅಧಿಕೃತವಾಗಿ ಶುರುವಾಗುವ ಎರಡು ದಿನ ಮುಂಚೆಯೇ ಏಜೆಂಟ್‌ಗಳ ಜೊತೆ ಮಾತಾಡಲು ತಂಡಗಳಿಗೆ ಅವಕಾಶ ಇದೆ. ಆಗ ಆಫೀಸಿನಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಎಲ್ಲರ ಕಣ್ಣೂ ಫೋನ್ ಮೇಲೆ.

ಇಲ್ಲಿಯ ದೊಡ್ಡ ವರದಿಗಾರ ಆಡಮ್ ಶೆಫ್ಟರ್. 2022ರ ಜನವರಿ 29ಕ್ಕೆ ಅವನೂ ಅವನ ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನ ಇನ್ನೊಬ್ಬನೂ ಸೇರಿ, ದೊಡ್ಡ ಆಟಗಾರ ಟಾಮ್ ಬ್ರೇಡಿ ನಿವೃತ್ತಿ ಅಂತ ಬರೆದರು. ಬ್ರೇಡಿಯ ಅಪ್ಪ, ಮಗ ಇನ್ನೂ ನಿರ್ಧಾರ ಮಾಡಿಲ್ಲ ಅಂದರು. ಮೂರು ದಿನಕ್ಕೆ, ಫೆಬ್ರವರಿ 1ಕ್ಕೆ, ಬ್ರೇಡಿ ತಾನೇ ನಿವೃತ್ತಿ ಹೇಳಿದ. ಮಾರ್ಚ್ 13ಕ್ಕೆ ವಾಪಸ್ ಬರ್ತೀನಿ ಅಂದ! ಈಗ ಹೇಳಿ, ಶೆಫ್ಟರ್ ಸರಿಯಾ ತಪ್ಪಾ?

ಕ್ಯಾತ್ಸಂದ್ರ_ಕಿಟ್ಟಿ, 11:49

ಸರಿ.

ಚೇಳೂರು_ಲಾಯರಮ್ಮ, 11:50

ನನ್ನ ಪ್ರಕಾರ ತಪ್ಪು. ನಿವೃತ್ತಿ ಅನ್ನೋದು ಆಟಗಾರ ತನ್ನ ಬಾಯಲ್ಲಿ ಹೇಳಬೇಕಾದ ಮಾತು. 22 ವರ್ಷ ಆಡಿದವನಿಂದ ಅದನ್ನು ಮೂರು ದಿನ ಮುಂಚೆ ಕಿತ್ತುಕೊಂಡರೆ ಯಾರಿಗೆ ಏನು ಸಿಕ್ಕಿತು? ಸುನಿಲ್ ಛೇತ್ರಿ 2024ರ ಮೇ 16ಕ್ಕೆ ವಿಡಿಯೋ ಹಾಕಿ ತಾವೇ ಹೇಳಿದರು, ಜೂನ್ 6ಕ್ಕೆ ಕೋಲ್ಕತ್ತಾದಲ್ಲಿ ಕುವೈತ್ ಮೇಲೆ ಭಾರತಕ್ಕೆ ಆಡುವ ಕೊನೇ ಪಂದ್ಯ ಅಂತ. ಬೆಳಿಗ್ಗೆ ಫೋನ್ ತೆಗೆದರೆ ಅವರದೇ ಮುಖ, ಅವರದೇ ಮಾತು. ಅಪ್ಪ, ನಾನು ಇಬ್ಬರೂ ಪಡಸಾಲೆಯಲ್ಲಿ ನಿಂತುಕೊಂಡೇ ಪೂರ್ತಿ ನೋಡಿದೆವು. ಅದು ಯಾವುದೋ ಪೇಜ್‌ನಿಂದ ಹಿಂದಿನ ರಾತ್ರಿ ಬಂದಿದ್ದರೆ ಹಾಗೆ ನಿಂತು ನೋಡುತ್ತಿದ್ದೆವಾ?

ವೆಸ್ಟ್‌ಬ್ಲಾಕ್_ಶಿರಾ, 11:56

ಛೇತ್ರಿಯೂ 2025ರ ಮಾರ್ಚ್‌ಗೆ ವಾಪಸ್ ಬಂದರಲ್ಲ ಅಕ್ಕ. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಗೋಲ್ ಕೂಡ ಹೊಡೆದರು. ಅವತ್ತು ನಾನು ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲಿನಲ್ಲಿ ನೋಡುತ್ತಾ ಬಸ್ ಬಿಟ್ಟೆ, ಬೇಜಾರೇ ಆಗಲಿಲ್ಲ.

ಬಂಗಾರಪೇಟೆ_ಎಕ್ಸ್‌ಪ್ರೆಸ್, ಶುಕ್ರವಾರ ಬೆಳಿಗ್ಗೆ 6:35

ರಾತ್ರಿ ಡ್ಯೂಟಿ ಮುಗಿಸಿ ಎಲ್ಲಾ ಓದಿದೆ. ಯಾರೂ ಶಾವಿ ವಿಷಯ ಎತ್ತಿಲ್ಲ! 2025ರ ಜುಲೈನಲ್ಲಿ, ಬಾರ್ಸಿಲೋನಾದ ಹಳೇ ಆಟಗಾರ, ಹಳೇ ಕೋಚ್ ಶಾವಿ ಭಾರತ ತಂಡದ ಕೋಚ್ ಆಗಲು ಅರ್ಜಿ ಹಾಕಿದ್ದಾನೆ ಅಂತ ದೊಡ್ಡ ಪತ್ರಿಕೆಯಲ್ಲೇ ಬಂತು. ಪ್ರಪಂಚದ ಎಲ್ಲಾ ಕಡೆ ಓಡಾಡಿತು. ದುಡ್ಡು ಜಾಸ್ತಿ ಆಗುತ್ತದೆ ಅಂತ ಬೇಡ ಅಂದರಂತೆ ಅನ್ನೋವರೆಗೆ ಹೋಯಿತು. ಆಮೇಲೆ ಭಾರತದ ಫುಟ್‌ಬಾಲ್ ಫೆಡರೇಶನ್‌ನವರು ಶಾವಿ ಮತ್ತು ಇನ್ನೊಬ್ಬ ದೊಡ್ಡ ಕೋಚ್ ಗ್ವಾರ್ಡಿಯೋಲಾ ಹೆಸರಲ್ಲಿ ಬಂದಿದ್ದ ಇಮೇಲ್ ಎರಡೂ ಅಸಲಿ ಅಲ್ಲ ಅಂದರು. ಆಗಸ್ಟ್ 1ಕ್ಕೆ ಖಾಲಿದ್ ಜಮೀಲ್ ಕೋಚ್ ಆದರು.

ಮಧುಗಿರಿ_ಮ್ಯಾಡ್ರಿಡ್, 7:10

ಅದರಲ್ಲಿ ಪತ್ರಿಕೆಯದ್ದು ತಪ್ಪಿಲ್ಲ ಅಂತೀನಿ. ಅರ್ಜಿ ಪಟ್ಟಿಯಲ್ಲಿ ಹೆಸರಿತ್ತು ಅಂತ ಫೆಡರೇಶನ್ ಕಡೆಯವರೇ ಹೇಳಿದ್ದರು. ವರದಿಗಾರ ಇನ್ನೆಲ್ಲಿ ಹೋಗಿ ಕೇಳಬೇಕಿತ್ತು?

ಹಳೇ_ಡೆಸ್ಕ್, 7:32

ಶಾವಿಯನ್ನು ಕೇಳಬೇಕಿತ್ತು.

ಒಂದು ಮದುವೆ ಸುದ್ದಿ ಬರೆಯಬೇಕಾದರೆ ಗಂಡಿನ ಮನೆಯವರನ್ನು ಮಾತ್ರ ಕೇಳಿ ಬರೆಯುತ್ತೀರಾ? ಹೆಣ್ಣಿನ ಮನೆಗೂ ಒಂದು ಫೋನ್ ಮಾಡಬೇಕಲ್ವಾ? ಕ್ಲಬ್, ಆಟಗಾರ, ಏಜೆಂಟ್. ಮೂವರಲ್ಲಿ ಕನಿಷ್ಠ ಇಬ್ಬರು ಹೇಳದೆ ನಾನು ಬಿಡುತ್ತಿರಲಿಲ್ಲ ಅಂತ ಹೇಳುವ ಆಸೆ ಇದೆ. ನಿಜ ಏನೆಂದರೆ ಎಷ್ಟೋ ಸಲ ಒಬ್ಬರ ಮಾತಿಗೇ ಬಿಟ್ಟಿದ್ದೇನೆ.

ಮಧುಗಿರಿ_ಮ್ಯಾಡ್ರಿಡ್, 7:36

ಮದುವೆ ಮಾತು ಸರಿ ಸರ್. ಒಪ್ಪಿದೆ.

ಗುಬ್ಬಿ_ಮೇಷ್ಟ್ರು, 7:50

ದೊಡ್ಡ ಸುದ್ದಿ ಸಂಸ್ಥೆಗಳೂ ಜಾರಿವೆ. 2023ರ ಮೇನಲ್ಲಿ ಮೆಸ್ಸಿ ಸೌದಿಗೆ ಹೋಗುವುದು ಮುಗಿದ ಮಾತು ಅಂತ ಎಎಫ್‌ಪಿ ಬರೆಯಿತು. ಮೆಸ್ಸಿಯ ಅಪ್ಪ ಇಲ್ಲ ಅಂದರು. ಜೂನ್ 7ಕ್ಕೆ ಮೆಸ್ಸಿ ತಾನೇ ಅಮೆರಿಕದ ಇಂಟರ್ ಮಯಾಮಿ ಕ್ಲಬ್ ಅಂದ. ನಮ್ಮ ಸ್ಕೂಲಿನಲ್ಲಿ ಏಳನೇ ಕ್ಲಾಸ್ ಹುಡುಗರು ಅಷ್ಟರಲ್ಲಿ ಸೌದಿ ಎಲ್ಲಿದೆ ಅಂತ ಮ್ಯಾಪಿನಲ್ಲಿ ಗುರುತು ಹಾಕಿ ಇಟ್ಟಿದ್ದರು.

ತಿಪಟೂರು_ಕೊಬ್ರಿ, 7:58

ಮೆಸ್ಸಿ ಬಾರ್ಸಿಲೋನಾ ಬಿಟ್ಟಿದ್ದು ದುಡ್ಡಿನ ಆಸೆಗೆ ತಾನೆ ಮೇಷ್ಟ್ರೇ?

ಗುಬ್ಬಿ_ಮೇಷ್ಟ್ರು, 8:06

ಇಲ್ಲಪ್ಪ, ಇದೂ ಒಂದು ಗಾಳಿಮಾತೇ. 2021ರ ಜೂನ್ 30ಕ್ಕೆ ಅವನ ಕಾಂಟ್ರಾಕ್ಟ್ ಮುಗಿದಿತ್ತು. ಸಂಬಳ ಕಡಿಮೆ ಮಾಡಿಕೊಂಡು ಉಳಿಯಲು ಒಪ್ಪಿದ್ದ. ಆದರೆ ಕ್ಲಬ್ ಸಾಲದಲ್ಲಿ ಮುಳುಗಿತ್ತು, ಲೀಗಿನ ಸಂಬಳದ ಮಿತಿಯಲ್ಲಿ ಅವನನ್ನು ನೋಂದಾಯಿಸಲು ಆಗಲಿಲ್ಲ. ಆಗಸ್ಟ್ 5ಕ್ಕೆ ಆಗಲ್ಲ ಅಂದರು, 8ಕ್ಕೆ ಅವನು ಎಲ್ಲರ ಮುಂದೆ ಅತ್ತ, 10ಕ್ಕೆ ಪಿಎಸ್‌ಜಿ ಸೇರಿದ. ಇಲ್ಲಿ ಇಬ್ಬರೂ ಒಪ್ಪಿದ್ದು ನಿಜ, ಹಾಗೆ ಬರೆದವರೂ ನಿಜವನ್ನೇ ಬರೆದಿದ್ದರು. ಆದರೂ ಆಗಲಿಲ್ಲ. ಸಹಿ, ನೋಂದಣಿ ಎರಡೂ ಮುಗಿಯದೆ ಯಾವುದೂ ಮುಗಿದ ಹಾಗಲ್ಲ. 2015ರ ಆಗಸ್ಟ್ 31ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಡಿ ಗೆಯಾ ಮ್ಯಾಡ್ರಿಡ್‌ಗೆ ಹೋಗುವುದು ಕಾಗದ ಪತ್ರ ತಡ ಆಯಿತು ಅಂತ ನಿಂತಿತು.

ಮಧುಗಿರಿ_ಮ್ಯಾಡ್ರಿಡ್, 8:09

ಅದನ್ನ ನೆನಪಿಸಬೇಡಿ ಮೇಷ್ಟ್ರೇ.

ಚೇಳೂರು_ಲಾಯರಮ್ಮ, 8:20

ಅದೇ ಡಿ ಗೆಯಾ 2023ರ ಜುಲೈನಲ್ಲಿ ಫ್ರೀ ಏಜೆಂಟ್ ಆದ. 2024ರ ಆಗಸ್ಟ್‌ನಲ್ಲಿ ಇಟಲಿಯ ಫಿಯೊರೆಂಟಿನಾ ಸೇರುವವರೆಗೆ ಒಂದು ವರ್ಷಕ್ಕೂ ಜಾಸ್ತಿ ಕ್ಲಬ್ಬೇ ಇಲ್ಲ. ಆ ವರ್ಷವೆಲ್ಲ ಅವನ ಹೆಸರನ್ನು ಒಂದಲ್ಲ ಒಂದು ಕ್ಲಬ್‌ಗೆ ಅಂಟಿಸುತ್ತಲೇ ಇದ್ದರು. ಅವನು ಮನೆಯಲ್ಲಿ ಕೂತು ಇದನ್ನೆಲ್ಲ ಓದುತ್ತಿದ್ದಿರಬಹುದು ಅಂತ ಯೋಚನೆ ಬಂದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಊರ್ಗಾಂ_ಮಾಮ, 9:15

ಈ ಕೊನೇ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಕೆಜಿಎಫ್‌ನವನು. ನಮ್ಮ ಕಡೆ ಫುಟ್‌ಬಾಲ್ ಗಣಿ ಕಾಲದಿಂದ ಬಂದದ್ದು. 2001ರಲ್ಲಿ ಗಣಿ ಮುಚ್ಚಿತು, ಆಟ ಮುಚ್ಚಲಿಲ್ಲ. ನನ್ನ ಅಕ್ಕನ ಮಗ ಸ್ಟಾಪರ್ ಆಡುತ್ತಾನೆ, ಅಂದರೆ ಗೋಲ್ ಮುಂದೆ ನಿಂತು ತಡೆಯುವ ಡಿಫೆಂಡರ್. ಎತ್ತರ, ಮಾತು ಕಡಿಮೆ, ತಲೆಯಲ್ಲಿ ಚೆಂಡು ತೆಗೆಯೋದರಲ್ಲಿ ಅವನನ್ನು ಬಿಟ್ಟರಿಲ್ಲ. ಮೂರು ವರ್ಷದ ಹಿಂದೆ, ಅವನಿಗೆ 19, ಬೆಂಗಳೂರಿನ ಒಂದು ಕ್ಲಬ್‌ನವರು ಟ್ರಯಲ್‌ಗೆ ಕರೆದರು. ಟ್ರಯಲ್ ಅಂದರೆ ಟ್ರಯಲ್. ನಾಲ್ಕು ದಿನ ಆಡಿಸಿ ನೋಡುತ್ತಾರೆ, ಅಷ್ಟೇ.

ಎರಡನೇ ದಿನ ಒಂದು ಪತ್ರಿಕೆಯಲ್ಲಿ ಅವನ ಫೋಟೋ ಸಮೇತ ಬಂತು, ಕೆಜಿಎಫ್ ಹುಡುಗ ಬೆಂಗಳೂರಿನ ಕ್ಲಬ್‌ಗೆ ಆಯ್ಕೆ ಅಂತ. ಯಾರೂ ನಮ್ಮನ್ನು ಕೇಳಿರಲಿಲ್ಲ. ಅವನನ್ನೂ ಕೇಳಿರಲಿಲ್ಲ. ಅಕ್ಕನಿಗೆ ಅದು ಟ್ರಯಲ್ ಮಾತ್ರ ಅಂತ ಗೊತ್ತಿತ್ತು. ಆದರೆ ಪೇಪರಿನಲ್ಲೇ ಬಂದ ಮೇಲೆ ಆಯ್ಕೆ ಆಗಿಯೇ ಇರಬೇಕು ಅಂದುಕೊಂಡಳು. ಬೀದಿಯವರೆಲ್ಲ ಮನೆಗೆ ಬಂದರು. ಒಂದು ಕೆಜಿ ಮೈಸೂರ್ ಪಾಕ್ ತಂದು ಹಂಚಿದಳು. ಆ ಪೇಪರ್ ತುಂಡು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ ದೇವರ ಫೋಟೋ ಪಕ್ಕ ಇಟ್ಟಳು.

ನಾಲ್ಕನೇ ದಿನ ಕ್ಲಬ್‌ನವರು ಈ ಸಲ ಬೇಡ, ಮುಂದಿನ ವರ್ಷ ಬಾ ಅಂದರು. ಮರ್ಯಾದೆಯಾಗೇ ಹೇಳಿದರು, ಅವರ ಮೇಲೆ ನನಗೆ ಬೇಜಾರಿಲ್ಲ. ಹುಡುಗ ಸಂಜೆ ಮಾರಿಕುಪ್ಪಂ ರೈಲು ಹತ್ತಿ ಬಂದ. ಊರ್ಗಾಂ ಸ್ಟೇಷನ್‌ನಲ್ಲಿ ಇಳಿದರೆ ಗುರುತಿನವರು ಸಿಗುತ್ತಾರೆ, ಕಂಗ್ರಾಟ್ಸ್ ಅನ್ನುತ್ತಾರೆ ಅಂತ ಒಂದು ಸ್ಟೇಷನ್ ಮುಂಚೆ ಕೋರಮಂಡಲ್‌ನಲ್ಲೇ ಇಳಿದು, ಕತ್ತಲಲ್ಲಿ ಬ್ಯಾಗ್ ಹೊತ್ತುಕೊಂಡು ನಡೆದು ಬಂದ. ಹಿಂದಿನ ಬಾಗಿಲಿನಿಂದ ಒಳಗೆ ಬಂದು, ಮೊದಲು ಆ ಲ್ಯಾಮಿನೇಷನ್ ತೆಗೆದು ಟ್ರಂಕಿನ ಅಡಿಗೆ ಹಾಕಿದ.

ಆಮೇಲೆ ಎಂಟು ತಿಂಗಳು ಬೂಟು ಹಾಕಲಿಲ್ಲ.

ಪತ್ರಿಕೆಗೆ ನಾನು ಫೋನ್ ಮಾಡಿದೆ. ಒಳ್ಳೇ ಸುದ್ದಿ ಅಂತ ಹಾಕಿದೆವು ಸಾರ್, ತಪ್ಪೇನು ಅಂದರು.

ಕ್ಯಾತ್ಸಂದ್ರ_ಕಿಟ್ಟಿ, 9:21

ಮಾಮ, ಏನು ಹೇಳಬೇಕೋ ಗೊತ್ತಾಗ್ತಿಲ್ಲ.

ಹಳೇ_ಡೆಸ್ಕ್, 9:40

ಓದಿದೆ. ಎರಡು ಸಲ ಓದಿದೆ. ಅದು ನಾನಿದ್ದ ಪತ್ರಿಕೆ ಅಲ್ಲದಿರಬಹುದು, ಆದರೆ ಇಂಥ ಸುದ್ದಿಯನ್ನು ನಾನೂ ಪುಟಕ್ಕೆ ಹಾಕಿದ್ದೇನೆ. ಜಿಲ್ಲೆಯ ಹುಡುಗ, ಒಳ್ಳೇ ಸುದ್ದಿ, ಫೋಟೋ ಇದೆ, ಮೂಲೆಯಲ್ಲಿ ಜಾಗ ಇದೆ. ಕೆಟ್ಟ ಸುದ್ದಿಗೆ ನಾಲ್ಕು ಕಡೆ ವಿಚಾರಿಸುತ್ತಿದ್ದೆವು, ಕೇಸ್ ಹಾಕುತ್ತಾರೆ ಅನ್ನೋ ಭಯ. ಒಳ್ಳೇ ಸುದ್ದಿಗೆ ಯಾರು ವಿಚಾರಿಸುತ್ತಾರೆ?

‘ಆಯ್ಕೆ’ ಮತ್ತು ‘ಟ್ರಯಲ್‌ಗೆ ಕರೆ’. ಎರಡು ಪದದ ವ್ಯತ್ಯಾಸ. ಹುಡುಗನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನನ್ನ ಕಸುಬಿನವರ ಪರವಾಗಿ ನಿಮ್ಮ ಅಕ್ಕನವರ ಕ್ಷಮೆ ಕೇಳುತ್ತೇನೆ.

ಊರ್ಗಾಂ_ಮಾಮ, 9:52

ನೀವು ಇಷ್ಟು ಹೇಳಿದ್ದೇ ದೊಡ್ಡದು ಸರ್. ಅಕ್ಕನಿಗೆ ತೋರಿಸುತ್ತೇನೆ.

ಡಲ್ಲಾಸ್_ಕುಣಿಗಲ್, 10:05

ಬ್ರೇಡಿ ಬಗ್ಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವನಿಗೆ ವಿಚಾರಿಸಲು ಅಪ್ಪ ಇದ್ದರು, ವಕೀಲರಿದ್ದರು. ಈ ಹುಡುಗನಿಗೆ ಕೋರಮಂಡಲ್ ಸ್ಟೇಷನ್ ಮಾತ್ರ ಇತ್ತು.

ವೆಸ್ಟ್‌ಬ್ಲಾಕ್_ಶಿರಾ, 10:12

ಇನ್ನು ಮೇಲೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ನಿಯಮ ಮಾಡುತ್ತೇನೆ. ಟ್ರಾನ್ಸ್‌ಫರ್ ಸುದ್ದಿ ಹಾಕುವವರು ಯಾರು ಬರೆದದ್ದು ಅಂತ ಹೆಸರು ಹಾಕಬೇಕು. ವರದಿಗಾರನ ಹೆಸರಿಲ್ಲದ ಸುದ್ದಿ ತೆಗೆದುಹಾಕುತ್ತೇವೆ. ಗ್ರೂಪಿನಲ್ಲಿ 140 ಜನ ಇದ್ದಾರೆ, ಹೋದ ಸೀಸನ್‌ನಲ್ಲಿ ನಾನೇ ಎಷ್ಟೋ ಸುಳ್ಳು ಮುಂದಕ್ಕೆ ತಳ್ಳಿದ್ದೇನೆ.

ತಿಪಟೂರು_ಕೊಬ್ರಿ, 10:15

ಹೆಸರು ಹಾಕಿದರೂ ‘ಇವನಿಗೇನು ಲಾಭ’ ಅಂತ ಕೇಳಬೇಕು. ಅಪ್ಪನ ಮಾತು.

ಬಂಗಾರಪೇಟೆ_ಎಕ್ಸ್‌ಪ್ರೆಸ್, 10:20

ವಿಷಯ ಬಿಟ್ಟು ಒಂದು ಮಾತು. ರಾತ್ರಿ ಕಂಠೀರವದಲ್ಲಿ ಮ್ಯಾಚ್ ಮುಗಿಸಿಕೊಂಡು ತುಮಕೂರಿಗೆ ನೀವೆಲ್ಲ ಹೇಗೆ ವಾಪಸ್ ಹೋಗುತ್ತೀರಿ? ನಮಗೆ ಬಂಗಾರಪೇಟೆಗೆ ರೈಲಿನದೇ ಚಿಂತೆ.

ಕ್ಯಾತ್ಸಂದ್ರ_ಕಿಟ್ಟಿ, 10:24

ಮೆಜೆಸ್ಟಿಕ್‌ಗೆ ಬಂದರೆ ಆಯಿತು. ಶಿರಾ, ಚಿತ್ರದುರ್ಗ, ಹುಬ್ಬಳ್ಳಿ ಕಡೆ ಹೋಗೋ ಬಸ್ಸು ರಾತ್ರಿಯೆಲ್ಲ ಇರುತ್ತದೆ. ಕಂಡಕ್ಟರ್‌ಗೆ ಕ್ಯಾತ್ಸಂದ್ರ ಅಂತ ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಕ್ಕೆ ಹೋಗಿಬಿಡುತ್ತದೆ. ಯಾವತ್ತಾದರೂ ಬೆಳಿಗ್ಗೆ ಹೊತ್ತು ಬನ್ನಿ, ತಟ್ಟೆ ಇಡ್ಲಿ ನನ್ನ ಕಡೆಯಿಂದ.

ಗುಬ್ಬಿ_ಮೇಷ್ಟ್ರು, 10:31

@ಊರ್ಗಾಂ_ಮಾಮ ಹುಡುಗ ಈಗ ಆಡುತ್ತಿದ್ದಾನಾ? ಅದನ್ನು ಹೇಳಲೇ ಇಲ್ಲವಲ್ಲ.

ಊರ್ಗಾಂ_ಮಾಮ, 10:44

ಆಡುತ್ತಿದ್ದಾನೆ ಮೇಷ್ಟ್ರೇ. ಒಂಬತ್ತನೇ ತಿಂಗಳು ಒಂದು ಬೆಳಿಗ್ಗೆ ತಾನಾಗೇ ಎದ್ದು ಬೂಟು ತೊಳೆದ. ಹೋದ ವರ್ಷ ಬೆಂಗಳೂರಿನ ಬೇರೆ ಕ್ಲಬ್‌ನಲ್ಲಿ ಕೆಳಗಿನ ಡಿವಿಷನ್‌ಗೆ ಸಹಿ ಹಾಕಿದ. ಸಹಿ ಹಾಕಿದ ಕಾಗದದ ಫೋಟೋ ನನಗೆ ಕಳಿಸಿ, ‘ಮಾಮ, ಅಮ್ಮನಿಗೆ ತೋರಿಸು, ಬೇರೆ ಯಾರಿಗೂ ಬೇಡ’ ಅಂದ. ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಇಲ್ಲಿ ಬರೆಯುವ ಮುಂಚೆ ಅವನನ್ನು ಕೇಳಿದೆ, ಈ ವಿಷಯ ಬರೆಯಲಾ ಅಂತ. ಹೆಸರು ಹಾಕಬೇಡ, ಮಿಕ್ಕಿದ್ದು ಬರಿ ಅಂದ. ಅದಕ್ಕೇ ಬರೆದೆ.

ಈ ಭಾನುವಾರ ಮ್ಯಾಚ್ ಇದೆ. ಬೆಳಿಗ್ಗೆ ಎಂಟಕ್ಕೆ.

ಬಟವಾಡಿ_ಹತ್ತು, 10:58

ಮಾಮ, ಗ್ರೌಂಡ್ ಯಾವುದು ಅಂತ ನನಗೆ ಮೆಸೇಜ್ ಮಾಡಿ. ಇಲ್ಲಿ ಹಾಕಬೇಡಿ. ನಾನು, ತಮ್ಮ ಇಬ್ಬರೂ ಬರುತ್ತೇವೆ. ಶನಿವಾರ ರಾತ್ರಿಯೇ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಳ್ಳುತ್ತೇವೆ.

ತಮ್ಮ ಜೆರ್ಸಿ ಮತ್ತೆ ಆರ್ಡರ್ ಮಾಡಿದ. ಬೆನ್ನ ಮೇಲೆ ಅದೇ ಹೆಸರು.

ಮಧುಗಿರಿ_ಮ್ಯಾಡ್ರಿಡ್, 11:03

ನನಗೂ ಮೆಸೇಜ್ ಮಾಡಿ ಮಾಮ. ಬೈಕ್ ಇದೆ.

ಹಳೇ_ಡೆಸ್ಕ್, 11:07

ನನಗೂ. ನೋಡಲು ಮಾತ್ರ ಬರುತ್ತೇನೆ, ಬರೆಯಲು ಅಲ್ಲ.

ಊರ್ಗಾಂ_ಮಾಮ, 11:15

ಎಲ್ಲರಿಗೂ ಕಳಿಸಿದೆ. ನಾಲ್ಕನೇ ನಂಬರ್ ಹಾಕಿಕೊಂಡು ಆಡುತ್ತಾನೆ. ಅಕ್ಕನೂ ಬರುತ್ತಿದ್ದಾಳೆ, ತಿಂಡಿ ಎಲ್ಲರಿಗೂ ಆಗುವಷ್ಟು ತರುತ್ತಾಳಂತೆ. ಈ ‘ಅಂತೆ’ಯನ್ನು ನಂಬಬಹುದು, ನಾನೇ ಅವಳ ಬಾಯಿಂದ ಕೇಳಿದ್ದು.